ಅಳತೆ ಪುಸ್ತಕ

ಕಮಗುವೆಯ್ ಊರಿನ ರಂಗಮಂದಿರದಲ್ಲಿ
ಹಿಂಬಾಗಿಲ ಮೆಟ್ಟಿಲ ಕೆಳಗಿನ ಗೂಡು ನನ್ನದು.
ಗೋಂದು, ಗೋಣಿಬಟ್ಟೆ, ಸ್ಯಾಟಿನ್ ಚೂರು,
ಮತ್ತೊಂದು ಗೆರೆ ಎಳೆದ ಪುಸ್ತಕ:
ಯಾರ ಪಾದ ಎಷ್ಟುದ್ದ, ಯಾರ ಬೆರಳು ಎತ್ತ ವಾಲುತ್ತದೆ.

ಮಿಗ್ದಾಲಿಯಾ, ಹನ್ನೊಂದು ವರ್ಷ.
ಎಡಗಾಲು ಬಲಕ್ಕಿಂತ ಅಕ್ಕಿಕಾಳಿನಷ್ಟು ಉದ್ದ.
ಅಪ್ಪ ಸಕ್ಕರೆ ಕಾರ್ಖಾನೆಯಲ್ಲಿ ಬಾಯ್ಲರ್ ಕಾಯುವವನು.
ಶೂ ತುದಿಯನ್ನು ಉಗುರಿಂದ ತಟ್ಟಿ ಕೇಳಿದಳು:
"ಒಳಗಿರೋದು ಮರಾನಾ?"
ಅಲ್ಲ ಮಗೂ, ಬಟ್ಟೆ ಮತ್ತು ಅಂಟು. ಮಿಕ್ಕಿದ್ದು ನೀನು.

ಆಮೇಲೆ ಇಪ್ಪತ್ತಾರು ವರ್ಷ
ಊರು ತುದಿಗಾಲಲ್ಲಿ ನಿಂತು ಕಾಯುತ್ತಿತ್ತು
ಅವಳು ತುದಿಗಾಲಲ್ಲಿ ನಿಲ್ಲುವುದನ್ನು.
ಒಂದು ರಾತ್ರಿಗೆ ಒಂದು ಜೊತೆ ಸವೆಯುತ್ತಿತ್ತು.
ಮತ್ತೆ ಅಂಟು ಬಳಿದು ತಗಡಿನ ಮೇಲೆ ಒಣಹಾಕುತ್ತಿದ್ದೆ,
ಮೀನಿನ ಹಾಗೆ. ಬೆಕ್ಕು ಬಂದು ಮೂಸಿ, ಬೇಸರಪಟ್ಟು ಹೋಗುತ್ತಿತ್ತು.

ಗೋಂದೇ ಸಿಗದ ವರ್ಷಗಳು ಬಂದವು.
ಮರಗೆಣಸಿನ ಹಿಟ್ಟು ಕುದಿಸಿ ಬಳಿದೆ.
ಮೊದಲ ಅಂಕದಲ್ಲೇ ಶೂ ಮೆತ್ತಗಾಯಿತು, ಅವಳು ಇಳಿಯಲಿಲ್ಲ.
ತೆರೆ ಬಿದ್ದ ಮೇಲೆ ರಿಬ್ಬನ್ ಬಿಚ್ಚಿದರೆ
ಮೊದಲು ಇರುವೆ ಹೊರಬಂದವು, ಆಮೇಲೆ ರಕ್ತ.
ಕುಣಿಯಲಾರದವರು ನೆಲ ಡೊಂಕು ಅನ್ನುತ್ತಾರಂತೆ.
ನಮ್ಮ ರಂಗದ ನೆಲ ನಿಜಕ್ಕೂ ಡೊಂಕು,
ಕಟ್ಟಿದವರು ಮುಂದಕ್ಕೆ ಇಳಿಜಾರು ಇಟ್ಟಿದ್ದಾರೆ.
ಅವಳು ಮಾತ್ರ ಅದನ್ನು ಒಂದು ದಿನವೂ ಎತ್ತಲಿಲ್ಲ.

ಮೂವತ್ತೇಳಕ್ಕೆ ಮಂಡಿ ಹೋಯಿತು.
ದೀಪವಿಲ್ಲ, ವಾದ್ಯವಿಲ್ಲ. ಬಸ್ಸಿಳಿಯುವಾಗ,
ಕೈಯಲ್ಲಿ ಪಡಿತರದ ಐದು ಮೊಟ್ಟೆ.
ಒಂದೂ ಒಡೆಯಲಿಲ್ಲ.

ಮರುವರ್ಷ ನನ್ನ ಗೂಡಿಗೆ ಬಂದು ಕೂತಳು.
ಬಲಗೈಯ ಎರಡು ಬೆರಳು ಮೇಜಿನ ಮೇಲೆ ನಡೆದವು,
ಸೂಜಿಡಬ್ಬಿ ದಾಟಿ ಹಾರಿದವು, ಮೊಳೆಗಳ ನಡುವೆ ಸುತ್ತಿದವು.
ಎಡಗೈ ಬೆರಳು ತಡವಾಗಿ ಬಂದು
ಹಿಂದೆ ನಿಂತು ಕೇಳಿದವು: ಸಾಲಿನಲ್ಲಿ ಕೊನೆಯವರು ಯಾರು?
"ಹದಿನಾಲ್ಕು ಜನ ಬೇಕು," ಎಂದಳು.
ಅಂಟು ಒಣಗುವಷ್ಟರಲ್ಲಿ ಅರ್ಧ ನೃತ್ಯ ಮುಗಿದಿತ್ತು.

ಬ್ರೆಡ್ಡಿಗೆ ಕಾಯುವ ಸಾಲು, ಅಷ್ಟೇ ಕಥೆ.
ರಾಜಧಾನಿಯಿಂದ ಬಂದವರು ಇದು ಬ್ಯಾಲೆ ಅಲ್ಲ ಅಂದರು.
ಊರಿನವರು ಎರಡು ಸಲ ಸಾಲು ನಿಂತರು:
ಟಿಕೆಟ್ಟಿಗೆ ಒಮ್ಮೆ,
ಒಳಗೆ, ಬೆಳಕಿನಲ್ಲಿ, ಇನ್ನೊಮ್ಮೆ.

ಕಲಾ ನಿರ್ದೇಶಕಿ ಆದ ದಿನ ಬೀಗದಕೈ ಗೊಂಚಲು ಕೊಟ್ಟರು.
ಅರ್ಧದಷ್ಟು ಕೈಗಳಿಗೆ ಬಾಗಿಲೇ ಇಲ್ಲ.
ಸೋರುವ ಮಾಡು, ಡೀಸೆಲ್ ಇಲ್ಲದ ಜನರೇಟರು,
ಮೂರು ಕೀಲಿ ಮೂಗಾದ ಪಿಯಾನೋ, ಸಹಿ, ಸಹಿ, ಸಹಿ.
ಗೋಡೆಯ ಪಟ್ಟಿಯಲ್ಲಿ ಹೆಸರು ಸಿಗದ ಹುಡುಗಿಯರು
ನನ್ನ ಗೂಡಿಗೆ ಬಂದು ಅಳುತ್ತಿದ್ದರು.
ಅವಳು ಮೇಲೆ ನಿಂತು ಕೇಳಿಸಿಕೊಳ್ಳುತ್ತಿದ್ದಳು.
ನನಗೆ ಗೊತ್ತು: ಆ ಎಡಗಾಲಿಗೆ ಹಲಗೆ ಬೇರೆಯೇ ಸದ್ದು ಮಾಡುತ್ತದೆ.

ಪ್ರವಾಸ ಹೋದವರು ಇಪ್ಪತ್ತೊಂದು, ಮರಳಿದವರು ಹದಿನೈದು.
ಆರು ಮಂದಿ ಕೊನೆಯ ರಾತ್ರಿ ಹೋಟೆಲಿನಿಂದ
ಕಾಲಿಗೆ ಬುದ್ಧಿ ಹೇಳಿದರು.
ಅಧಿಕಾರಿ ಗದರಿದನಂತೆ: ಏನು ಕಲಿಸಿದಿರಿ ಅವರಿಗೆ?
"ಅದನ್ನೇ," ಎಂದಳಂತೆ ಮಿಗ್ದಾಲಿಯಾ,
"ಹತ್ತು ವರ್ಷ, ದಿನಕ್ಕೆ ಆರು ಗಂಟೆ,
ಕಾಲಿಗೆ ಬುದ್ಧಿ ಹೇಳುವುದನ್ನೇ."

ಆರರಲ್ಲಿ ಯಾನೆಲಿಸ್ ಒಬ್ಬಳು.
ಮೂರು ವರ್ಷದ ಮೇಲೆ ಒಂದು ಪೆಟ್ಟಿಗೆ ಕಳಿಸಿದಳು, ಪತ್ರವಿಲ್ಲ:
ಕಾರ್ಖಾನೆಯ ಶೂ, ನಲವತ್ತು ಜೊತೆ.
ಮಿಗ್ದಾಲಿಯಾ ಒಂದನ್ನು ಮೂಗಿಗೆ ಹಿಡಿದಳು.
"ಇರುವೆ ಬರಲ್ಲ ಇದಕ್ಕೆ," ಅಂದಳು.
ಹೊಗಳಿಕೆಯೋ ದೂರೋ, ಈಗಲೂ ತಿಳಿದಿಲ್ಲ.

ನಿನ್ನೆ ಬಂದು ಪಾದವನ್ನು ನನ್ನ ತೊಡೆ ಮೇಲಿಟ್ಟಳು.
"ಅಳೆ. ಚಪ್ಪಲಿ ಬೇಕು, ನಡೆಯಲಿಕ್ಕೆ."
ಪಾದ ಹರಡಿದೆ, ಬೆರಳು ಒಂದರ ಮೇಲೊಂದು ಹತ್ತಿವೆ.
ಹಳೆಯ ಹಾಳೆ ತೆರೆದು ಹೊಸ ಅಂಕಿ ಬರೆದೆ.
ಅಕ್ಕಿಕಾಳು ಅಲ್ಲೇ ಇದೆ.
ಹೇಳುವಷ್ಟರಲ್ಲಿ ಮೇಲೆ ಪಿಯಾನೋ ಶುರುವಾಯಿತು.
ಒಂದು ಚಪ್ಪಲಿ ನನ್ನ ಕೈಯಲ್ಲೇ ಬಿಟ್ಟು ಮೆಟ್ಟಿಲು ಹತ್ತಿದಳು,
ತಾಳ ತಪ್ಪಿದ ಯಾರನ್ನೋ ಬೈಯುತ್ತ.