ಹಿಮ್ಮುಖ ಗೇರು

ಬ್ರಿಸ್ಟಲ್ಲಿನ ಉತ್ತರಕ್ಕೆ, ವರ್ತುಲ ರಸ್ತೆಯಾಚೆ,
ಬಾತುಕೋಳಿಗಳಿಗೆಂದೇ ಕೆರೆ ತೋಡಿಸಿಕೊಂಡ ಕಚೇರಿ.
ಮೂರನೇ ಮಹಡಿಯಲ್ಲಿ ನನ್ನ ಮೇಜು.
ಬಂದ ಅರ್ಜಿಗಳನ್ನು ಓದಿ
ಎರಡು ಟ್ರೇಗಳಿಗೆ ಹಂಚುವುದು ಕೆಲಸ.

ಮೊದಲ ದಿನವೇ ಮೌರೀನ್ ಪ್ಯೂ ಹೇಳಿಕೊಟ್ಟಿದ್ದಳು,
ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತ:
"ಸುಲಭ ಕಣೇ. ನಮ್ಮ ಲಾರಿ ಹಿಂದಕ್ಕೆ ಬರುವಾಗ
ಅವರ ಗೋಡೆ ಕೆಡವಿದರೆ, ದುಡ್ಡು.
ಗುಂಡು ಹಾರುವಾಗ ಕೆಡವಿದರೆ, ಅದು ಯುದ್ಧ.
ಯುದ್ಧಕ್ಕೆ ದುಡ್ಡಿಲ್ಲ."

ಅಂದಿನಿಂದ ಪ್ರತಿ ಕಡತದಲ್ಲೂ ನಾನು ಮೊದಲು ಹುಡುಕುವುದು
ಸತ್ತವರ ಹೆಸರಲ್ಲ, ಗೇರು.
ಇಂಜಿನು ಬಿಸಿಯಿತ್ತೋ, ಬಂದೂಕು ಬಿಸಿಯಿತ್ತೋ.
ಒಂದು ಕತ್ತೆ, ನಿಂತ ಜೀಪಿಗೆ ತಾನೇ ಬಂದು ಹಾಯ್ದದ್ದು,
ಪಾಸಾಯಿತು.
ಒಬ್ಬ ಮುದುಕ, ಮನೆಯ ಮಾಳಿಗೆ ಮೇಲೆ
ಏಪ್ರಿಕಾಟ್ ಒಣಹಾಕುತ್ತಿದ್ದವನು,
ಆಗಲಿಲ್ಲ.

ಇವತ್ತಿನ ಅರ್ಜಿ ಝರ್ಘೂನಾ ಎಂಬವಳದು.
ಊರಿನ ಹೆಸರು ಮೂರು ಕಾಗದಗಳಲ್ಲಿ ಮೂರು ಥರ.
ಸಹಿಯ ಜಾಗದಲ್ಲಿ, ಎತ್ತುವಾಗ ಜಾರಿದ ನೀಲಿ ಹೆಬ್ಬೆಟ್ಟು.
ನಷ್ಟದ ಪಟ್ಟಿ:
ಹಿಪ್ಪುನೇರಳೆ ಮರ ಒಂಬತ್ತು.
ಕರೆಯುವ ಹಸು ಒಂದು.
ಮಗಳು ಒಂದು.
ಕನ್ನಡವಾದರೆ ಒಬ್ಬಳು ಎನ್ನುತ್ತಿತ್ತು;
ಈ ಭಾಷೆಯಲ್ಲಿ ಹಸುವೂ ಮಗಳೂ ಒಂದೇ ಒಂದು.

ಮರಗಳನ್ನು ಕಡಿದದ್ದು ದಾರಿ ಕಾಣಲೆಂದು: ದುಡ್ಡು.
ಹಸುವಿಗೆ ತಾಗಿದ್ದು ಟ್ರೇಲರಿನ ಬಾಲ: ದುಡ್ಡು.
ಅದಾಗಿ ಅರ್ಧ ಗಂಟೆಗೆ ಯಾರೋ ಎಲ್ಲಿಂದಲೋ ಹಾರಿಸಿದರು,
ನಮ್ಮವರೂ ಹಾರಿಸಿದರು.
ಒಂದೇ ಕಡತ ಎರಡು ಟ್ರೇಗಳಲ್ಲಿ ಕೂರುವುದಿಲ್ಲ.

ಮರಕ್ಕೆ ಕೋಷ್ಟಕವಿದೆ: ವಯಸ್ಸು, ಸುತ್ತಳತೆ, ಫಸಲು.
ಮಗಳ ವಯಸ್ಸು ಏಳು. ವಾರ್ಷಿಕ ಆದಾಯದ ಚೌಕದಲ್ಲಿ ದುಭಾಷಿ
ಅಡ್ಡಗೆರೆ ಎಳೆದು, ಆಮೇಲೆ ಏನನಿಸಿತೋ,
ಅಂಚಿನಲ್ಲಿ ಸಣ್ಣಗೆ ಬರೆದಿದ್ದಾನೆ:
"ದಿನಕ್ಕೆರಡು ಸಲ ನೀರು ತರುತ್ತಿದ್ದಳು ಎನ್ನುತ್ತಾಳೆ ತಾಯಿ.
ಇದನ್ನೆಲ್ಲಿ ಬರೆಯಬೇಕೋ ತಿಳಿಯದು."

ಹಳೇ ಬಾಗಲಕೋಟೆ ಮುಳುಗುವ ಮುಂಚೆ
ನಮ್ಮ ಹಿತ್ತಲಿಗೂ ಬಂದಿದ್ದರು, ಟೇಪು ಹಿಡಿದು.
ನಿಂಬೆಗೆ ಇಷ್ಟು, ಕರಿಬೇವಿಗೆ ಇಷ್ಟು,
ಬೇವಿನ ಮರಕ್ಕೆ ಸೌದೆಯ ಲೆಕ್ಕ.
ಅವ್ವ ಸೆರಗು ಸಿಕ್ಕಿಸಿ ಕೇಳಿದ್ದಳು:
"ಮತ್ತ ನೆರಳಿಗೆ ಎಷ್ಟ್ರೀ ಸಾಹೇಬ್ರ?"
ಸರ್ವೇಯರು ನಕ್ಕ. ಹುಡುಗರಾದ ನಾವೂ ನಕ್ಕೆವು.
ಪರಿಹಾರಕ್ಕೆ ಹೆಬ್ಬೆಟ್ಟು ಒತ್ತಿ ಬಂದ ದಿನ ಅವ್ವ
ಬೆರಳಿನ ಮಸಿಯನ್ನು ಗೋಡೆಗೆ ಒರೆಸಿದಳು,
ಮುಳುಗಲಿರುವ ಗೋಡೆಗೆ.

ಮೇಲಿನವರು ಕಟುಕರೇನಲ್ಲ. ಯುದ್ಧದ ಟ್ರೇಗೂ
ಒಮ್ಮೊಮ್ಮೆ ಒಂದಿಷ್ಟು ಬರುತ್ತದೆ: ಎಕ್ಸ್ ಗ್ರೇಷಿಯಾ,
ತಪ್ಪು ಒಪ್ಪಿಕೊಳ್ಳದೆ ಕೊಡುವ ದುಡ್ಡು.
"ಇದಕ್ಕೆ ನಮ್ಮಲ್ಲಿ ಕಣ್ಣೊರೆಸುವುದು ಅನ್ನುತ್ತಾರೆ," ಎಂದೆ.
"ಎಷ್ಟು ಚೆಂದದ ಮಾತು!" ಎಂದಳು ಮೌರೀನ್.
ಅದು ಬೈಗುಳವೆಂದು ಹೇಳಲು ಬಾಯಿ ಬರಲಿಲ್ಲ.

ಊಟದ ಬಿಡುವಿನಲ್ಲಿ ಕದ್ದು ಲೆಕ್ಕ ಹಾಕಿದೆ:
ಸಣ್ಣ ಕೊಡ, ಎಂಟು ಲೀಟರು, ದಿನಕ್ಕೆರಡು,
ಮದುವೆಯಾಗುವ ತನಕ ಎಂದರೆ ಹತ್ತು ವರ್ಷ.
ನನ್ನ ಮನೆಯ ನೀರಿನ ಬಿಲ್ಲಿನ ದರದಲ್ಲಿ
ನೂರ ಎಪ್ಪತ್ತು ಪೌಂಡು ಚಿಲ್ಲರೆ.
ಒಂಬತ್ತು ಮರಗಳಿಗಿಂತ ಕಡಿಮೆ.
ಆ ಚೀಟಿ ಹರಿದೆ, ಎರಡು ಸಲ.

ನಮೂನೆಯ ಹದಿನಾಲ್ಕನೇ ಪ್ರಶ್ನೆ ವಾಹನಗಳಿಗೆ ಸಂಬಂಧಿಸಿದ್ದು:
ಘಟನೆಯ ವೇಳೆ ಚಲನೆಯ ದಿಕ್ಕು?
ಮತ್ತೆ ಓದಿದೆ ತಾಯಿಯ ಹೇಳಿಕೆ, ಕೊನೆಯ ಪುಟ.
ಕೊಡ ತುಂಬಿತ್ತಂತೆ.
ಹಾಗಾದರೆ ಹೋಗುತ್ತಿರಲಿಲ್ಲ, ಬರುತ್ತಿದ್ದಳು.
ಬರೆದೆ: "ಹಿಂದಕ್ಕೆ. ಮನೆಯ ಕಡೆಗೆ."
ಸುಳ್ಳಲ್ಲ.

ಕಡತವನ್ನು ಎರಡು ಟ್ರೇಗಳ ನಡುವೆ
ಬರಿ ಮೇಜಿನ ಮೇಲಿಟ್ಟು ಕೋಟು ಹಾಕಿಕೊಂಡೆ.
ಬಸ್ಸು ಐದೂ ಹತ್ತಕ್ಕೆ.
ಸ್ಟಾಪಿನ ಬಳಿ ಹಾಲಿನ ವ್ಯಾನೊಂದು ಹಿಂದಕ್ಕೆ ಬರುತ್ತಿತ್ತು,
ಪೀಂ ಪೀಂ ಎಂದು ಕೂಗಿಕೊಳ್ಳುತ್ತ.
ಎಲ್ಲರೂ ಸರಿದು ನಿಂತರು. ನಾನೂ.