ಲೇಟು

ಬಟುಮಿಯಲ್ಲಿ ಕಪ್ಪು ಸಮುದ್ರ ಕಿಟಕಿಯ ತನಕ ಬಂದು
ವಾಸನೆಯನ್ನಷ್ಟೇ ಒಳಗೆ ಬಿಟ್ಟು ಹೋಗುತ್ತದೆ.
ನಾಲ್ಕನೇ ಮಹಡಿ. ಲಮಾರಾ ಒಂಬತ್ತು ಸೆಕೆಂಡು
ಫೋನನ್ನು ಹೊಲಿಗೆ ಯಂತ್ರದ ಬಾಯಿಗೆ ಹಿಡಿದಳು,
ಮಗುವಿನ ಕೆಮ್ಮನ್ನು ಡಾಕ್ಟರಿಗೆ ಕೇಳಿಸುವ ಹಾಗೆ.
ಟಕ ಟಕ ಟಕ. ಇಲ್ಲ.
ಟಕ ಟಕ ಟಕ. ಇಲ್ಲ.
ನಾಲ್ಕನೇ ಹೊಲಿಗೆ ಹಾರುತ್ತದೆ.

ಊರಿನ ರಿಪೇರಿಯವ ಅಂದಿದ್ದ: ತೂಕಕ್ಕೆ ಹಾಕಿ, ಹೊಸದು ಕೊಳ್ಳಿ.
ಹಳೇ ಯಂತ್ರಗಳ ಹುಚ್ಚು ಹಿಡಿದವರು ಜಗತ್ತಿನಲ್ಲಿ
ಇನ್ನೂರಾ ಆರು ಜನ ಇದ್ದಾರೆಂದು ಮೊಮ್ಮಗ ಹುಡುಕಿ,
ಫೋನಿನೊಳಗೆ ಅವರ ಬಾಗಿಲು ತೋರಿಸಿ, ಆಟಕ್ಕೆ ಓಡಿದ.
ಅಲ್ಲಿ ಯಾವ ಎಣ್ಣೆ ಒಳ್ಳೆಯದು ಎಂಬುದರ ಮೇಲೆ
ಆರು ದೇಶಗಳ ನಡುವೆ ಯುದ್ಧ ನಡೆದಿತ್ತು.

ಕಿಸುಮುವಿನಲ್ಲಿ, ಬಸ್ ನಿಲ್ದಾಣದ ಬೆನ್ನಿಗಂಟಿದ ಜಗಲಿಯಲ್ಲಿ,
ಒಬುಯಾ ಇನ್ನೊಂದು ಕಿವಿ ಮುಚ್ಚಿಕೊಂಡು ಕೇಳಿದ.
ಐದು ಸಲ. ಶಾಲೆ ಚಡ್ಡಿಗಳ ರಾಶಿಗೆ ಮೊಣಕೈ ಊರಿ
ಇಂಗ್ಲಿಷಿನಲ್ಲಿ ಬರೆದ: ನಿಮ್ಮ ಕೊಕ್ಕೆ ಒಂದು ಕೂದಲೆಳೆ ಲೇಟು.
ಅನುವಾದದ ಯಂತ್ರಕ್ಕೆ ಹೊಲಿಗೆ ಬರುವುದಿಲ್ಲ.
ಅದು ಜಾರ್ಜಿಯನ್ನಿನಲ್ಲಿ ಹೇಳಿತು:
ಕೂದಲಿನಿಂದಾಗಿ ನಿಮ್ಮ ಕೊಕ್ಕೆ ಸ್ವರ್ಗಸ್ಥವಾಗಿದೆ.

ಗಂಡ ಹೋದಂದಿನಿಂದ ಆ ಕೋಣೆಯಲ್ಲಿ
ಯಾರೂ ಅಷ್ಟು ಜೋರಾಗಿ ನಕ್ಕಿರಲಿಲ್ಲ.
ಯಂತ್ರದ ಪಕ್ಕ ಮೇಣದಬತ್ತಿ ಹಚ್ಚಿಟ್ಟು
ಲಮಾರಾ ಫೋಟೊ ಕಳಿಸಿದಳು. ಒಬುಯಾ
ಎರಡು ನಿಮಿಷ ಮೌನ ಆಚರಿಸಿ, ಮೂರನೇ ನಿಮಿಷ
ಯಾವ ಸ್ಕ್ರೂ ಎಷ್ಟು ತಿರುಗಿಸಬೇಕೆಂದು ತೋರಿಸಿದ.
ವೀಡಿಯೊದಲ್ಲಿ ಮುಖವಿಲ್ಲ. ಕೈ ಮಾತ್ರ.
ಹೆಬ್ಬೆರಳ ಉಗುರು ನಡುವೆ ಸೀಳಿತ್ತು.

ಕೊಕ್ಕೆ ತೀರಾ ಸವೆದಿತ್ತು. ವಾಲ್ಪರೈಸೊದ ಎಲಿಸೆಯೊ,
ಹಡಗುಕಟ್ಟೆಯಿಂದ ನಿವೃತ್ತ, ಅರ ಹಿಡಿದು ಹೊಸದು ತೀಡಿದ.
ನಲವತ್ತೇಳು ದಿನ ಅದು ಅಂಚೆಯಲ್ಲಿ ಅಲೆಯಿತು.
ಬಂದಾಗ ಅದಕ್ಕೆ ಸುತ್ತಿದ್ದದ್ದು ಪುಟ್ಟ ಹುಡುಗಿಯ
ನೀಲಿ ಅಂಗಿಯ ಒಂದು ತೋಳು. ಯಾರದು, ಒಂದೇ ಯಾಕೆ,
ಕೇಳಬೇಕೆನಿಸಿತು. ಕೇಳಲಿಲ್ಲ.
ಮೊದಲ ಹೊಲಿಗೆಯನ್ನು ಆ ತೋಳಿನ ಮೇಲೇ ಹಾಕಿದಳು.

ಅಲ್ಲಿಂದಾಚೆ ಸಂಜೆ ಸಂಜೆ ಒಬುಯಾನ ಜಗಲಿಯ ಸದ್ದು ಅವಳಿಗೆ,
ಅವಳ ಅಡುಗೆಮನೆಯ ಸದ್ದು ಅವನಿಗೆ.
ಮಾತು ಕಡಿಮೆ. ಆಡಿದರೂ ದಾರಿಯಲ್ಲಿ ವೇಷ ಬದಲಿಸಿಕೊಂಡು ಬರುತ್ತಿತ್ತು.
ಅವನ ಕಾಲು ತುಳಿಯುವ ಲಯ ಮಾತ್ರ ಬಾಯಿಪಾಠವಾಯಿತು:
ಎರಡು ನಿಧಾನ, ಒಂದು ಅವಸರ,
ಕುಂಟುವ ಮನುಷ್ಯ ಮೆಟ್ಟಿಲು ಹತ್ತಿದ ಹಾಗೆ.

ನಂತರ ಹನ್ನೊಂದು ದಿನ ಏನೂ ಇಲ್ಲ.
ಹನ್ನೆರಡನೇ ದಿನ ಅವನ ಹೆಸರಿನಿಂದಲೇ ಒಂದು ಸಾಲು.
ಒಬುಯಾ ಲೇಟ್, ಎಂದು ಯಾರೋ ಬರೆದಿದ್ದರು.
ನಮ್ಮಲ್ಲಿ ಮದುವೆ ಕಾಗದದ ಮೇಲೆ
ತಾತನ ಹೆಸರಿಗೆ ಮೊದಲು ಅಚ್ಚಾಗುವ ಅದೇ ಮಾತು.
ಅನುವಾದದ ಯಂತ್ರ ಈ ಸಲ ಬಲು ಹುಷಾರಾಗಿತ್ತು:
ಒಬುಯಾ ಬರುವುದು ತಡವಾಗುತ್ತದೆ.

ಆಗಲಿ ಬಿಡಿ, ಎಂದು ಉತ್ತರಿಸಿದಳು ಲಮಾರಾ,
ಅವಸರವೇನಿಲ್ಲ, ಕಾಯುತ್ತೇನೆ.
ಆ ಉತ್ತರ ಅತ್ತ ಯಾವ ಮಾತಾಗಿ ಇಳಿಯಿತೋ.
ಎಲಿಸೆಯೊಗೂ ಅದೇ ಸಾಲು ಹೋಗಿತ್ತು,
ಅವನ ಸ್ಪ್ಯಾನಿಷಿಗೆ ಅದು ಸರಿಯಾಗಿಯೇ ತಲುಪಿತ್ತೇನೋ,
ಅವನು ಏನೂ ಬರೆದಿರಲಿಲ್ಲ.

ಭಾನುವಾರ ಒಂಬತ್ತು ಸೆಕೆಂಡಿನ ಸದ್ದು ಬಂತು.
ಅದೇ ಯಂತ್ರ. ಅದೇ ಬಸ್ಸುಗಳ ಕೂಗು.
ಕಾಲು ಬೇರೆ.
ಎಳೆಯ ಕಾಲು, ಎರಡೂ ಸಮ, ಹೆದರಿದ್ದು.
ಟಕ ಟಕ ಟಕ. ಇಲ್ಲ.

ಫೋನು ಕಿವಿಯಿಂದ ತೆಗೆಯದೆ ಕುಳಿತೇ ಇದ್ದಳು.
ಒಲೆಯ ಮೇಲೆ ಲೋಬಿಯೋ ಕಾಳು ತಳ ಹಿಡಿಯಿತು.
ಆಮೇಲೆ ಬರೆಯಹೊರಟಳು: ನಿನ್ನ ಕೊಕ್ಕೆ ಒಂದು ಕೂದಲೆಳೆ
ಅಷ್ಟಕ್ಕೇ ನಿಂತು, ಅಳಿಸಿದಳು.

ಸ್ಕ್ರೂಡ್ರೈವರ್ ತಂದಳು. ಮುಖ ಬಾರದಂತೆ
ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ
ಎರಡೂ ಕೈಗಳನ್ನು ಬೆಳಕಿನೊಳಗೆ ಚಾಚಿದಳು.