ಕೊಸರು

ಮೂವತ್ತೊಂದು ವರ್ಷ
ತೂಕದ ಬಟ್ಟುಗಳ ಹೊಟ್ಟೆಗೆ ಸೀಸ ತುಂಬಿ
ಸರ್ಕಾರದ ಮುದ್ರೆ ಹೊಡೆದವನು ನಾನು.
ಗಾಂಧಿ ಬಜಾರಿನ ಅರ್ಧ ತಕ್ಕಡಿಗಳಿಗೆ
ನನ್ನ ಸುತ್ತಿಗೆಯ ಗುರುತಿದೆ.
ನಿವೃತ್ತಿಯಾದ ಮೇಲೆ ಲೆಕ್ಕ ಹಾಕಲು ಉಳಿದದ್ದು
ಬೆಳಗಿನ ಮಾತ್ರೆ, ರಾತ್ರಿಯ ಮಾತ್ರೆ.

ಆಗ ಬಂದಳು ಫರ್ಹಾನಾ ಟೀಚರ್,
ನೆನೆದ ಛತ್ರಿಯನ್ನು ಮೆಟ್ಟಿಲ ಮೇಲೇ ಬಿಟ್ಟು.
"ಭಾನುವಾರ ಸಂತೆ ಕೂರಿಸ್ತಿದೀವಿ ಸರ್,
ಕೋಟೆ ರಸ್ತೆ, ಶಾಲೆ ಕಾಂಪೌಂಡಿನ ಹೊರಗೆ.
ಮೂವತ್ತು ಮೈಲಿಯೊಳಗೆ ಬೆಳೆದದ್ದು,
ಬೆಳೆದವರೇ ತಂದದ್ದು,
ನಡುವೆ ಯಾರೂ ಇಲ್ಲ."
ನಡುವೆ ಯಾರೂ ಇಲ್ಲದ ಮೇಲೆ ನಾನ್ಯಾಕೆ?
"ತಕ್ಕಡಿಗೆ," ಅಂದಳು.

ಮೊದಲ ಭಾನುವಾರ ಆಷಾಢದ ಜಡಿ.
ಏಳು ಬುಟ್ಟಿ, ಒಂದು ನೀಲಿ ಟಾರ್ಪಾಲು,
ಅದರ ಜೋತ ಹೊಟ್ಟೆಯಲ್ಲಿ ಒಂದು ಬಿಂದಿಗೆ ನೀರು.
ಕುಂಸಿಯ ಕೆರಿಯಮ್ಮನ ಚಗಟೆ ಸೊಪ್ಪು,
ಮಂಡಗದ್ದೆಯ ಬೋನಿಫಾಸ್ ತಂದ ಕೆಸು,
ರಿಪ್ಪನ್‌ಪೇಟೆಯ ಟೀಕಪ್ಪನ ಕೆಂಪಕ್ಕಿ.
ಟೀಕಪ್ಪ ಸೇರಿನಲ್ಲಿ ಅಳೆಯುವಾಗ
ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾನೆ,
ಆಮೇಲೆ ಎರಡು, ಮೂರು.
ಅವತ್ತು ಲೆಕ್ಕ ಎರಡಕ್ಕೆ ಹೋಗಲಿಲ್ಲ.

ಕಾರೊಂದು ನಿಂತು ಗಾಜು ಅರ್ಧ ಇಳಿಯಿತು.
"ಹೂಕೋಸು ಇಲ್ವಾ?"
ಇಲ್ಲ.
"ಕ್ಯಾರೆಟ್ಟು?"
ಗಾಜು ಏರಿತು.
ಒಟ್ಟು ವ್ಯಾಪಾರ ಮುನ್ನೂರ ನಲವತ್ತು,
ಕರಪತ್ರದ ಅಂಗಡಿಗೆ ಬಾಕಿ ಆರುನೂರು.

ಬುಧವಾರದ ಸಭೆಯಲ್ಲಿ
ಗೋಡೆಯ ನಕ್ಷೆಗೆ ಗುಂಡುಸೂಜಿ ಚುಚ್ಚಿ
ದಾರ ಕಟ್ಟಿ ಒಂದು ಸುತ್ತು ಎಳೆದರು.
ದಾರದೊಳಗಿನದು ನಮ್ಮದು, ಉಳಿದದ್ದು ಅಲ್ಲ.
ಬೆಳ್ಳುಳ್ಳಿಗೆ ಅರ್ಧ ಗಂಟೆ ಜಗಳ.
ಕೂತಲ್ಲಿಂದ ಬೋನಿಫಾಸ್ ಮೆಲ್ಲಗೆ ಕೇಳಿದ:
"ಉಪ್ಪು?"
ಯಾರೂ ಮಾತಾಡಲಿಲ್ಲ.
ಜಿಲ್ಲಾ ನಕ್ಷೆಯಲ್ಲಿ ಸಮುದ್ರವೇ ಇರಲಿಲ್ಲ.
ಕೊನೆಗೆ ಫರ್ಹಾನಾ ನಡಾವಳಿ ಪುಸ್ತಕದಲ್ಲಿ ಬರೆದಳು:
ಉಪ್ಪಿಗೆ ಮಾತ್ರ ದಾರ ಸಡಿಲ.

ಜಗಳ ನನಗೂ ಆಯಿತು, ಕೆರಿಯಮ್ಮನ ಜೊತೆ.
ಕಾಲು ಕಿಲೋ ಚಗಟೆಯನ್ನು
ಎಲೆ ಕಿತ್ತು, ಎಲೆ ಇಟ್ಟು
ಮುಳ್ಳು ನೆಟ್ಟಗೆ ನಿಲ್ಲಿಸಿ ಕೊಟ್ಟರೆ
ಅವಳು ಬುಟ್ಟಿಯಿಂದ ಒಂದು ಮುಷ್ಟಿ ಎತ್ತಿ
ಕೊಳ್ಳುವವರ ಚೀಲಕ್ಕೆ ತುರುಕಿದಳು.
ತೂಗಿದ ಮೇಲೆ ಹಾಗೆ ಹಾಕಬಾರದು ಅಂದೆ.
ಹತ್ತು ಜನಕ್ಕೆ ಹತ್ತು ಮುಷ್ಟಿ,
ತಿಂಗಳಿಗೆ ಇಷ್ಟು, ವರ್ಷಕ್ಕೆ ಇಷ್ಟು
ಎಂದು ಬೆರಳು ಮಡಚಿ ತೋರಿಸಿದೆ.
ಎಲೆಯಡಿಕೆ ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಸರಿಸಿ
ಅವಳಂದಳು:
"ತಕ್ಕಡಿ ನಿಮ್ದು. ಕೈ ನಂದಲ್ದಾ?"

ತೊಂಬತ್ತಾರರಲ್ಲಿ, ಬಿ.ಎಚ್. ರಸ್ತೆಯ ಬದಿ
ಕಳಲೆ ಮಾರುವ ಹೆಂಗಸೊಬ್ಬಳ ಕಲ್ಲು ಕಿತ್ತುಕೊಂಡಿದ್ದೆ.
ಹೊಳೆಯ ಉರುಟು ಕಲ್ಲು,
ಅವಳ ಲೆಕ್ಕದಲ್ಲಿ ಅರ್ಧ ಕಿಲೋ.
ಆಫೀಸಿನಲ್ಲಿ ತೂಗಿದರೆ ಐನೂರ ನಲವತ್ತು ಗ್ರಾಂ.
ನಲವತ್ತು ಗ್ರಾಂ ಪ್ರತಿ ಸಲ
ಕೊಂಡವರ ಮನೆಗೇ ಹೋಗುತ್ತಿತ್ತು.
ಕಾಯ್ದೆಗೆ ಹೆಚ್ಚೂ ತಪ್ಪು, ಕಡಿಮೆಯೂ ತಪ್ಪು.
ದೋಷಯುಕ್ತ ಎಂದು ಬರೆದೆ. ದಂಡ ಐವತ್ತು ರೂಪಾಯಿ.
ಉಗ್ರಾಣದ ಬಾಗಿಲು ಗಾಳಿಗೆ ಬಡಿಯದಂತೆ
ಬಹಳ ಕಾಲ ಆ ಕಲ್ಲನ್ನೇ ಒತ್ತಾಗಿ ಇಟ್ಟಿದ್ದರು.

ಅವಳೇ ಈ ಕೆರಿಯಮ್ಮ ಅಂದರೆ ಒಳ್ಳೆಯ ಕತೆಯಾಗುತ್ತಿತ್ತು.
ಅಲ್ಲ. ಕೇಳಿ ನೋಡಿದೆ.

ಈಗ ಮತ್ತೆ ಆಷಾಢ.
ಬುಟ್ಟಿಗಳು ಒಂದು ವಾರ ಇಪ್ಪತ್ತಮೂರು,
ಮುಂದಿನ ವಾರ ಒಂಬತ್ತು.
ಕಾರಿನವರು ಈಗ ಇಳಿದೇ ಬರುತ್ತಾರೆ,
ಚಗಟೆ ಪಲ್ಯಕ್ಕೆ ಏನೇನು ಹಾಕಬೇಕೆಂದು ಕೇಳಿಕೊಂಡು,
ಹೋಗುವಾಗ ಹೂಕೋಸನ್ನೂ ಕೇಳುತ್ತಾರೆ.
ಟೀಕಪ್ಪನ ಎಣಿಕೆ ಹದಿನೇಳು ಮುಟ್ಟಿದ ದಿನ
ಅವನು ಮರೆತು ಹದಿನೇಳನ್ನೂ ಲಾಭ ಅಂದ.

ನಾನು ತಕ್ಕಡಿ ಹಿಡಿಯುತ್ತೇನೆ.
ಒಂದು ಎಲೆಯೂ ಆಚೀಚೆ ಆಗದಂತೆ ತೂಗುತ್ತೇನೆ.
ಮುಳ್ಳು ನೆಟ್ಟಗೆ ನಿಂತ ಕೂಡಲೇ
ಹಳೇ ಸೇತುವೆಯ ಕಡೆಗೊಮ್ಮೆ ಮುಖ ತಿರುಗಿಸುತ್ತೇನೆ,
ಬಸ್ಸೋ ಗಿಸ್ಸೋ ಬಂತೇನೋ ಅನ್ನುವ ಹಾಗೆ.

ಕೆರಿಯಮ್ಮನ ಕೈಗೆ
ಅಷ್ಟು ಹೊತ್ತು ಸಾಕು.